ಕೂಸಿನ ಕೈ ಅಡ್ಡ ಬಂತು

ಕಳಕೇಶ ಕುಳಿತು ಊಟ ಮಾಡಿದ್ದನ್ನು ಕಂಡವರು ಗಜೇಂದ್ರಗಡದಲ್ಲಿ ಬಹಳ ಮಂದಿ ಇರಲಾರರು. ರೊಟ್ಟಿಯ ಮೇಲೆ ಪಲ್ಯ ಹಾಕಿಸಿಕೊಂಡು, ಸುರುಳಿ ಸುತ್ತಿ ಹಿಡಿದು, ಸ್ಟುಡಿಯೋದ ಬಾಗಿಲಿಗೂ ಕಂಪ್ಯೂಟರಿಗೂ ನಡುವಿನ ಹತ್ತು ಹೆಜ್ಜೆಯಲ್ಲಿ ಹೋಗುತ್ತ ಬರುತ್ತ ಮುಗಿಸಿಬಿಡುತ್ತಿದ್ದ. "ಕುರ್ಚಿ ನಿಮಗ ಕಡೀತೈತೇನ್ರಿ?" ಎಂದು ಹೆಂಡತಿ ರಾಜೇಶ್ವರಿ ಮೊದಮೊದಲು ಕೇಳುತ್ತಿದ್ದಳು. ಈಗ ಐವತ್ತೊಂದಾದ ಗಂಡನಿಗೆ ಅದನ್ನು ಕೇಳಿ ಪ್ರಯೋಜನವಿಲ್ಲವೆಂದು ಬಿಟ್ಟಿದ್ದಳು.

ಬಸ್ ನಿಲ್ದಾಣದ ರಸ್ತೆಯಲ್ಲಿದ್ದ ಅವನ ಸ್ಟುಡಿಯೋಕ್ಕೆ ಮದುವೆ, ಬಸುರಿಯರ ಕುಬುಸ ಕಾರ್ಯದ ಕೆಲಸಗಳು ಬರುತ್ತಿದ್ದವು. ಆದರೆ ಅವನ ಕೈ ಹೆಸರಾದದ್ದು ಸತ್ತವರ ಫೋಟೋ ಮಾಡಿಕೊಡುವುದರಲ್ಲಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಮೂರನೆಯ ದಿನಕ್ಕೋ ಐದನೆಯ ದಿನಕ್ಕೋ, ಮನೆಯವರು ಹಳೆಯ ಮದುವೆಯ ಗುಂಪುಚಿತ್ರವನ್ನೋ ಆಧಾರ್ ಕಾರ್ಡನ್ನೋ ಹಿಡಿದು ಬರುತ್ತಿದ್ದರು. ಕಳಕೇಶ ಅದರಿಂದ ಮುಖವನ್ನು ಬಿಡಿಸಿಕೊಂಡು, ಗಂಡಸಾದರೆ ರುಮಾಲು, ಹೆಂಗಸಾದರೆ ಇಳಕಲ್ ಸೀರೆ ಕೂರಿಸಿ, ಹಿಂದೆ ತಿಳಿನೀಲಿ ತುಂಬಿ, ಗೋಡೆಗೆ ಹಾಕುವಂಥ ಚಿತ್ರ ಮಾಡುತ್ತಿದ್ದ. ಬಂದವರೆಲ್ಲ ಮೊದಲು ಹೇಳುವ ಮಾತು ಒಂದೇ: "ಮಾರಿ ಮ್ಯಾಲಿನ ನೆಳ್ಳು ತಗದ ಕೊಡ್ರಿ." ಮುಖದ ಮೇಲೆ ನೆರಳಿದ್ದರೆ ಸತ್ತವರು ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಹೋದಂತೆ ಕಾಣುತ್ತದೆಂದು ಅವರ ಅಂಜಿಕೆ. ಹಾಗಾಗಿ ಕಳಕೇಶ ಇಪ್ಪತ್ತಾರು ವರ್ಷಗಳಿಂದ ಮೂಗಿನ ಕೆಳಗಿನ ನೆರಳು, ಕಣ್ಣಿನ ಗುಳಿಯ ನೆರಳು, ಕೊರಳಿನ ನೆರಳುಗಳನ್ನು ಒಂದೊಂದಾಗಿ ಅಳಿಸುತ್ತ ಬಂದಿದ್ದ. ಅವನ ಕೈಯಿಂದ ಹೊರಟ ಮುಖಗಳೆಲ್ಲ ಆಗತಾನೆ ತೊಳೆದಿಟ್ಟ ತಾಟುಗಳಂತೆ ಬೆಳಗುತ್ತಿದ್ದವು.

ಅವನ ಸ್ವಂತ ಮನೆಯ ಪಡಸಾಲೆಯಲ್ಲಿಯೂ ಅಂಥದೊಂದು ಚಿತ್ರವಿತ್ತು. ಅದು ಅವನ ತಾಯಿ ಮಾನವ್ವನದು. ಅವನಿಗೆ ಮೂರು ತುಂಬುವ ಮೊದಲೇ ಜ್ವರದಲ್ಲಿ ತೀರಿಕೊಂಡವಳು. ಚಿತ್ರಕ್ಕೆ ಗಂಧದ ಹಾರವಿತ್ತು, ಪ್ರತಿ ಅಮಾವಾಸ್ಯೆಗೆ ಊದಿನಕಡ್ಡಿ ಹಚ್ಚುತ್ತಿದ್ದರು. ಆದರೆ ಚಿತ್ರದಲ್ಲಿ ಕುಳಿತವಳು ಮಾನವ್ವನಲ್ಲ.

ಮಾನವ್ವ ಬದುಕಿದ್ದಾಗ ಅವಳ ಒಂದು ಫೋಟೋವನ್ನೂ ಯಾರೂ ತೆಗೆಸಿರಲಿಲ್ಲ. ಸವಡಿಯಲ್ಲಿ ಕೂಲಿ ಮಾಡುತ್ತಿದ್ದ ಅವಳ ಗಂಡ ಪರಶಪ್ಪನಿಗೆ ವರ್ಷಾಂತಿಕದ ಹೊತ್ತಿಗೆ ಗೋಡೆಗೊಂದು ಚಿತ್ರ ಬೇಕೆನಿಸಿತು. ಹೆಂಡತಿಯ ಅಕ್ಕ ಸಿದ್ದಲಿಂಗವ್ವನಿಗೆ ಮಾನವ್ವನ ಸೀರೆ ಉಡಿಸಿ, ರೋಣದ ಸ್ಟುಡಿಯೋ ಒಂದಕ್ಕೆ ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಸಿದ. ಒಡಹುಟ್ಟಿದವರನ್ನು ಕೂರಿಸಿ ಸತ್ತವರ ಚಿತ್ರ ಮಾಡಿಸಿದ ಮನೆಗಳು ಸವಡಿಯಲ್ಲಿ ಇನ್ನೂ ಎರಡಿದ್ದವು. ಯಾರೂ ಅದನ್ನು ಸುಳ್ಳೆಂದು ಎಣಿಸಿರಲಿಲ್ಲ.

ಕಳಕೇಶನಿಗೆ ಇದು ತಿಳಿದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಆಗ ಅವನು ಬೇರೊಬ್ಬರ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದ. ತಾಯಿಯ ಮಾಸಿದ ಚಿತ್ರವನ್ನು ಹೊಸದು ಮಾಡೋಣವೆಂದು ಕುಂಚ ಹಿಡಿದು ಕುಳಿತಾಗ ಎಡಹುಬ್ಬಿನ ಮೇಲೆ ಒಂದು ಗಾಯದ ಗೆರೆ ಕಂಡಿತು. ಅಳಿಸಹೋದವನ ಕೈ ಅಲ್ಲೇ ನಿಂತಿತು. ಕರು ಹಾಯ್ದು ಆದ ಆ ಗಾಯವನ್ನು ಅವನು ದಿನಾ ನೋಡಿ ಬೆಳೆದಿದ್ದ. ಅದು, ತಾಯಿ ಇಲ್ಲದ ತನ್ನನ್ನು ಸಾಕಿದ ದೊಡ್ಡವ್ವ ಸಿದ್ದಲಿಂಗವ್ವನ ಹುಬ್ಬು.

ಕೇಳಿದಾಗ ಸಿದ್ದಲಿಂಗವ್ವ ಬಾಯಿ ತುಂಬ ನಕ್ಕಿದ್ದಳು. "ಮತ್ತ ಯಾರ್ನ ಕುಂಡ್ರಸಬೇಕಾಗಿತ್ತೋ? ನಿಮ್ಮಪ್ಪ ತಾನ ಸೀರಿ ಉಟಗೊಂಡು ಕುಂಡ್ರಬೇಕಿತ್ತೇನು?" ಅಂದಿನಿಂದ ಅವಳಿಗೆ ಇದೊಂದು ಚೇಷ್ಟೆಯ ಮಾತಾಯಿತು. ಮಹಾನವಮಿಗೆ ಸವಡಿಯಿಂದ ಬಂದಾಗಲೆಲ್ಲ ಆ ಚಿತ್ರದ ಮುಂದೆ ನಿಂತು, "ನನಗ ನಾನ ಊದಿನಕಡ್ಡಿ ಹಚ್ಚಿಕೋತೀನಿ ನೋಡು. ಇಂಥಾ ಭಾಗ್ಯ ಯಾರಿಗೈತಿ?" ಎನ್ನುವಳು. ಕಳಕೇಶನೂ ಜೊತೆಗೆ ನಗುತ್ತಿದ್ದ. ಆದರೆ ಊರಿನ ಸತ್ತವರಿಗೆಲ್ಲ ಮುಖ ಮಾಡಿಕೊಟ್ಟವನಿಗೆ ತನ್ನ ತಾಯಿಯ ಮುಖ ಹೇಗಿತ್ತೆಂಬುದು ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು, ಇದು ಅಪ್ಪನ ಮೂಗು, ಇದು ಅಪ್ಪನ ಗದ್ದ ಎಂದು ಕಳೆಯುತ್ತ ಹೋಗಿ, ಉಳಿದದ್ದರಲ್ಲಿ ಅವಳನ್ನು ಹುಡುಕುವನು. ಕುಳಿತಲ್ಲಿ ಕೂರಲಾಗದ ಅವನ ಚಡಪಡಿಕೆ ಆ ವರ್ಷದಿಂದಲೇ ಶುರುವಾದದ್ದೆಂದು ಸಿದ್ದಲಿಂಗವ್ವ ಹೇಳುತ್ತಿದ್ದಳು.

ಕಳೆದ ಡಿಸೆಂಬರಿನಲ್ಲಿ ನರಗುಂದದಿಂದ ಅವನಿಗೊಂದು ಕೆಲಸ ಬಂದಿತು. ಕೆಲಸ ಕೊಟ್ಟವರು ನಿವೃತ್ತ ವಿಜ್ಞಾನ ಶಿಕ್ಷಕಿ ಸೈರಾಬಾನು. ಅವರ ತಂದೆ ಸಲಾವುದ್ದೀನ ಯೌವನದಲ್ಲಿ ಮುಂಬಯಿಗೆ ಹೋಗಿ ಕ್ಯಾಮೆರಾ ಕಲಿತು ಬಂದು, ಇಪ್ಪತ್ತೈದು ವರ್ಷ ನರಗುಂದ, ರೋಣ, ಗಜೇಂದ್ರಗಡದ ಸುತ್ತಲೇ ಚಿತ್ರ ತೆಗೆದವರು. ಪೇಟೆಯ ಮಂದಿ ಅವರನ್ನು, "ಮಾರಿ ಬಿಟ್ಟು ನೆಳ್ಳು ತಗೀತಾನ" ಎಂದು ನಗೆಯಾಡಿದ್ದರು. ದೂರದ ಊರುಗಳ ಪ್ರದರ್ಶನಗಳಲ್ಲಿ ಮಾತ್ರ ಅವರನ್ನು ನವ್ಯ ಛಾಯಾಗ್ರಾಹಕರೆಂದು ಗೌರವಿಸಿದ್ದರು. ಅವರು ತೀರಿಕೊಂಡು ಮೂವತ್ತು ವರ್ಷಗಳ ಮೇಲೆ ಈಗ ನೆಗೆಟಿವ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಕಿತ್ತು. ಮೂರು ಊರಿಗೂ ಸೇರಿ ಆ ಕೆಲಸದ ಸ್ಕ್ಯಾನರ್ ಇದ್ದುದು ಕಳಕೇಶನ ಹತ್ತಿರ ಮಾತ್ರ.

ಕಳಕೇಶ ಮೊದಲ ನಲವತ್ತು ಚಿತ್ರಗಳನ್ನು ಮೂರು ದಿನದಲ್ಲಿ ಮುಗಿಸಿದ. ಹಳೆಯ ಚಿತ್ರಗಳು ತೀರ ಕಪ್ಪಾಗಿವೆ, ಪಾಪ, ಎಂದು ನೆರಳನ್ನೆಲ್ಲ ತಿಳಿಗೊಳಿಸಿದ. ಹತ್ತಿ ತುಂಬಿದ ಅಂಡಿಗೆ ಚೀಲಕ್ಕೆ ಒರಗಿಸಿದ ಏಣಿಯೊಂದು ಚಿತ್ರದ ಮೂಲೆಯಲ್ಲಿತ್ತು; ಅದನ್ನು ನಡುವಿಗೆ ತಂದ. ಖಾಲಿ ಗೋಡೆಗಳನ್ನು ಕತ್ತರಿಸಿ ಹಾಕಿದ. ಹೇಳದೆಯೇ ಇಷ್ಟು ಮಾಡಿಕೊಟ್ಟದ್ದಕ್ಕೆ ಬಾಯಿ ತುಂಬ ಹೊಗಳುತ್ತಾರೆಂದು ಎಣಿಸಿ, ತಾನೇ ನರಗುಂದಕ್ಕೆ ಹೋಗಿ ಲ್ಯಾಪ್‌ಟಾಪ್ ತೆರೆದಿಟ್ಟ.

ಸೈರಾಬಾನು ಎರಡು ಚಿತ್ರ ನೋಡಿದರು. ಮೂರನೆಯದಕ್ಕೆ ಕನ್ನಡಕ ತೆಗೆದರು.

"ಏನ್ ಮಾಡೀರಿ ಇದು?"

"ಸ್ವಚ್ಛ ಮಾಡೀನ್ರಿ, ಟೀಚರ್. ಭಾಳ ಕಪ್ಪ ಹಿಡದಿದ್ದವು."

"ಕಪ್ಪ ಹಿಡದಿದ್ದಿಲ್ರಿ. ನಮ್ಮ ಅಬ್ಬಾ ಹಿಡದಿದ್ರು." ಅವರು ಒಳಗಿನಿಂದ ಬಟ್ಟೆಯ ಹೊದಿಕೆಯ ನೋಟ್‌ಬುಕ್ಕೊಂದನ್ನು ತಂದು ಅವನ ಮುಂದೆ ಹಾಕಿದರು. "ನಿಮ್ಮೂರ ನೇಕಾರರ ಓಣಿಯೊಳಗ ನೂಲು ಒಣಗಾಕ ಹಾಕಿದ ಚಿತ್ರ. ಓದ್ರಿ. ಎಷ್ಟ ದಿನ ಕಾದಾರಂತ ಬರದಾರ?"

"ಮೂರು ದಿನಾ, ಅಂತೈತಿ."

"ಆ ನೂಲಿನ ನೆಳ್ಳು ಗ್ವಾಡಿ ಮ್ಯಾಲೆ ಕಾಪಿ ಪುಸ್ತಕದ ಗೆರಿ ಹಂಗ ಬೀಳಬೇಕಂತ ಮೂರು ದಿನ ಬಿಸಲಾಗ ನಿಂತಾರ. ನೀವು ಮೂರು ನಿಮಿಷದಾಗ ಒರಸೀರಿ. ನಿಮ್ಮ ಕೈಯಾಗೇನು ರಬ್ಬರ್ ಐತೋ, ಬೆರಳೋ?"

ಕಳಕೇಶನ ಮುಖ ಕೆಂಪಾಯಿತು. ಬೇರೆ ಯಾರಾದರೂ ಹೀಗೆಂದಿದ್ದರೆ ನೆಗೆಟಿವ್ ಪೆಟ್ಟಿಗೆ ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದ. ಆದರೆ ಆ ಮೂರು ದಿನದ ಮಾತು ತಲೆಯಿಂದ ಹೋಗಲಿಲ್ಲ. ಅಂದು ಬಸ್ಸು ಕಾಯುತ್ತ ನಿಂತಾಗ, ನಿಲ್ದಾಣದ ಸರಳುಗಳ ನೆರಳು ಎದುರಿಗೆ ಕುಳಿತ ಮುದುಕನ ಬಿಳಿಯ ಧೋತರದ ಮೇಲೆ ಬಿದ್ದಿತ್ತು. ಮುದುಕ ಕಾಲು ಮಡಚಿದ. ನೆಟ್ಟಗಿದ್ದ ಗೆರೆಗಳೆಲ್ಲ ಮೊಣಕಾಲಿನ ಮೇಲೆ ಮುರಿದು ಬಾಗಿದವು. ಬಸ್ಸು ಬಂದು ಹೋಯಿತು. ಕಳಕೇಶ ಅದನ್ನೇ ನೋಡುತ್ತ ನಿಂತಿದ್ದ.

ಮುಂದಿನ ಭಾನುವಾರ ಅವನು ಮತ್ತೆ ನರಗುಂದಕ್ಕೆ ಹೋದ. ಸೈರಾಬಾನು ಅವನಿಗೆ ಕಲಿಸಿದ್ದು ಶಾಲೆಯಲ್ಲಿ ಕಲಿಸಿದ ರೀತಿಯಲ್ಲಿಯೇ. ಒಂದು ಪ್ರಿಂಟನ್ನು ತಲೆಕೆಳಗಾಗಿ ಕೈಗೆ ಕೊಡುವರು. ವಸ್ತುಗಳ ಹೆಸರು ಮರೆತುಹೋಗಿ ಬರೀ ಕಪ್ಪು ಬಿಳುಪಿನ ಆಕಾರಗಳು ಉಳಿಯುವವರೆಗೆ ನೋಡಿಸಿ, ಮೂರು ಪ್ರಶ್ನೆ ಕೇಳುವರು. ಸೂರ್ಯ ಎಲ್ಲಿದ್ದ? ಕ್ಯಾಮೆರಾ ಎಲ್ಲಿತ್ತು? ಚೌಕಟ್ಟಿನ ಹೊರಗೆ ಏನನ್ನು ಬಿಟ್ಟಿದ್ದಾರೆ? ಮೊದಲೆರಡಕ್ಕೆ ಅವನು ಬೇಗ ಒಗ್ಗಿಕೊಂಡ. ಸಲಾವುದ್ದೀನರ ಕ್ಯಾಮೆರಾಕ್ಕೆ ಒಂದರ ಮೇಲೊಂದು ಎರಡು ಕಣ್ಣು. ಅದನ್ನು ಹೊಟ್ಟೆಯ ಮುಂದೆ ಹಿಡಿದು ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕು. ಹಾಗಾಗಿ ಅವರ ಚಿತ್ರಗಳಲ್ಲಿ ಎಲ್ಲವೂ ಸೊಂಟದ ಎತ್ತರದಿಂದ ಕಾಣುತ್ತದೆ, ಕೂಸೊಂದು ಲೋಕವನ್ನು ನೋಡಿದಂತೆ. ನರಗುಂದದ ಗುಡ್ಡ ಅವರಿಗೆ ಚಿತ್ರದ ಬುಡದಲ್ಲಿ ಒಂದು ಕಪ್ಪು ತ್ರಿಕೋನ. ಉಳಿದ ಮುಕ್ಕಾಲು ಪಾಲು ಏನೂ ಇಲ್ಲದ ಆಕಾಶ. ಆ ಏನೂ ಇಲ್ಲದ್ದೇ ಗುಡ್ಡಕ್ಕೆ ಭಾರ ಕೊಡುತ್ತದೆಂದು ಕಳಕೇಶನಿಗೆ ಅರ್ಥವಾಗಲು ನಾಲ್ಕು ಭಾನುವಾರ ಬೇಕಾದವು. ಮೂರನೆಯ ಪ್ರಶ್ನೆ ಮಾತ್ರ ಅವನನ್ನು ಪೀಡಿಸಿತು. ಇಲ್ಲದ್ದನ್ನು ಹುಡುಕುವುದು ಹೇಗೆ? ವಾರದ ನಡುವೆ ಸ್ಟುಡಿಯೋಕ್ಕೆ ಬೀಗ ಹಾಕಿ, ಚಿತ್ರದಲ್ಲಿದ್ದ ಓಣಿಗಳಿಗೇ ಹೋಗಿ, ನೋಟ್‌ಬುಕ್ಕಿನಲ್ಲಿ ಬರೆದ ಹೊತ್ತಿಗೇ ನಿಂತು, ಸುತ್ತ ತಿರುಗಿ ನೋಡತೊಡಗಿದ. "ಗಿರಾಕಿ ಬಂದು ಹೊಳ್ಳಿ ಹೋದ್ರು. ಎಲ್ಲಿದ್ರಿ?" ಎಂದು ರಾಜೇಶ್ವರಿ ಕೇಳಿದರೆ, "ನೆಳ್ಳ ನೋಡಾಕ ಹೋಗಿದ್ದೆ" ಎಂದು ಹೇಳಲಾದೀತೆ? ಸಂತೆಗೆ ಎಂದು ಸುಳ್ಳು ಹೇಳಿದ.

ಫೆಬ್ರುವರಿಯ ಮೊದಲ ಭಾನುವಾರ ಸೈರಾಬಾನು ಕೊಟ್ಟ ಪ್ರಿಂಟಿನಲ್ಲಿ ಇದ್ದದ್ದು ಒಂದು ಬಿಳಿಯ ಗೋಡೆ. ಬಲಗಡೆಯೆಲ್ಲ ಖಾಲಿ. ಎಡದ ಅಂಚಿಗೆ ಒತ್ತಿಕೊಂಡು ಮೂರು ಹೆಂಗಸರ ನೆರಳು, ಹೆಂಗಸರಿಲ್ಲ.

"ಸೂರ್ಯ ಎಲ್ಲಿದ್ದ?"

"ಪಡುವಣಕ್ಕ. ಭಾಳ ಕೆಳಗ. ಸಂಜಿ ಐದರ ಸುಮಾರ."

"ಹೊರಗ ಏನು ಬಿಟ್ಟಾರ?"

"ಹೆಣ್ಣುಮಕ್ಕಳ್ನ ಬಿಟ್ಟಾರ್ರಿ. ಕೂಲಿಯವರು. ಎಲ್ಲಾರೂ ಬಗಲಾಗ ಬುಟ್ಟಿ ಹಿಡದಾರ."

"ಎಲ್ಲಾರೂ?"

ಅವನು ಮತ್ತೆ ನೋಡಿದ. ಇಬ್ಬರ ಬುಟ್ಟಿಯ ಅಂಚು ದುಂಡಗಿತ್ತು. ತೀರ ಎಡಗಡೆಯವಳ ಬುಟ್ಟಿಗೆ ಕೆಳಗೆ ಒಂದು ಚೂರು ಜೋತುಬಿದ್ದಿತ್ತು. ಭೂತಗನ್ನಡಿ ಇಟ್ಟ. ಅದು ಪುಟ್ಟ ಪಾದ.

"ಬುಟ್ಟಿ ಅಲ್ರಿ. ಕೂಸು," ಎಂದ. ಸರಿಯುತ್ತರ ಹೇಳಿದ ಖುಷಿಯಲ್ಲಿ ನೋಟ್‌ಬುಕ್ಕಿನ ಆ ಪುಟ ತೆಗೆದು ತಾನೇ ಗಟ್ಟಿಯಾಗಿ ಓದತೊಡಗಿದ: "ರೋಲು ಮೂವತ್ತೊಂದು. ಸವಡಿ. ಹತ್ತಿ ಗೋದಾಮಿನ ಹೊಸ ಸುಣ್ಣದ ಗೋಡೆ. ಫೆಬ್ರುವರಿ 1976. ಫ್ರೇಮು ಏಳು: ಮೂವರು, ನೆರಳು ಮಾತ್ರ. ಎಡಗಡೆ ಕೂಸು ಎತ್ತಿಕೊಂಡವಳು ಪರಶಪ್ಪನ ಹೆಂಡತಿ ಮಾನವ್ವ..."

ಅಲ್ಲಿಗೆ ಅವನು ಪುಸ್ತಕ ಕೆಳಗಿಟ್ಟ. ಮುಂದಿನ ಸಾಲನ್ನು ಸೈರಾಬಾನು ಓದಿದರು: "ಫ್ರೇಮು ಎಂಟು: ಮಾನವ್ವ. ಮುಖ. ಬಿಸಿಲಿಗೆ ಎದುರು ನಿಲ್ಲಿಸಿದೆ. ಬೆಳಕು ವಿಪರೀತ ಬಿತ್ತು. ಕೂಸಿನ ಕೈ ಅಡ್ಡ ಬಂತು. ಕೆಟ್ಟಿತು."

ಕಳಕೇಶ ಹೊರಗೆ ಅಂಗಳಕ್ಕೆ ಹೋದ. ಬಾವಿಯವರೆಗೆ ನಡೆದ, ತಿರುಗಿ ಬಂದ, ಮತ್ತೆ ಹೋದ. ಐದಾರು ಸಲ ಹಾಗೆ ಮಾಡಿದ ಮೇಲೆ ಬಾಗಿಲಲ್ಲಿ ನಿಂತು ಹೇಳಿದ: "ಟೀಚರ್, ಆ ಕೂಸು ನಾನ ಅದೀನ್ರಿ."

ನೆಗೆಟಿವ್‌ಗಳನ್ನು ಮೂರು ಮೂರು ಫ್ರೇಮುಗಳ ತುಂಡು ಮಾಡಿ ಕಾಗದದ ಚೀಲಗಳಲ್ಲಿ ಇಟ್ಟಿದ್ದರು. ಮೂವತ್ತೊಂದನೆಯ ರೋಲಿನ ಚೀಲದಲ್ಲಿ ಏಳು ಒಂಟಿಯಾಗಿತ್ತು, ಒಂಬತ್ತು ಒಂಟಿಯಾಗಿತ್ತು. ನಡುವಿನದನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಕತ್ತರಿ ಸ್ವಲ್ಪ ಓರೆಯಾಗಿ ಹೋಗಿತ್ತು.

ಸೈರಾಬಾನು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಗ್ರಹಣ," ಎಂದರು. "ಎಂಬತ್ತರಾಗ ಹಾಡಹಗಲ ಕತ್ತಲಾತಲ್ರಿ, ಆ ಗ್ರಹಣ. ನಾ ಆಗ ಹೈಸ್ಕೂಲ್. ಬರಿಗಣ್ಣಿಲೆ ನೋಡಬ್ಯಾಡ್ರಿ ಅಂತ ಅಬ್ಬಾ ಕೆಟ್ಟ ನೆಗೆಟಿವ್ ಆರಿಸಿ ಆರಿಸಿ ಮಂದಿಗೆ ಹಂಚಿದ್ರು. ಹೆಚ್ಚು ಬೆಳಕು ಬಿದ್ದದ್ದು ಅಷ್ಟೂ ಕಪ್ಪಾಗಿರ್ತಾವಲ್ಲ, ಸೂರ್ಯನ್ನ ತಡೀತಾವು ಅಂತ. ಬಾಜೂ ಮನಿಯಾಗ ದ್ಯಾವಪ್ಪ ಅಂತ ಕಂಡಕ್ಟರ್ ಇದ್ದ. ಬಸ್ಸಿನ ಮಂದಿಗೆ ಅಂತ ಒಂದ ಕಟ್ಟು ಒಯ್ದ. ಇನ್ನೂ ಇದ್ರ, ಈಗ ರೋಣದಾಗ ಇರಬೇಕು."

ಆ ವಾರ ಕಳಕೇಶನಿಗೆ ಯಾವ ಕೆಲಸವೂ ಹಿಡಿಸಲಿಲ್ಲ. ಜಕ್ಕಲಿಯ ಒಂದು ಮನೆಯವರಿಗೆ ಅಜ್ಜನ ಚಿತ್ರ ಮಾಡಿಕೊಡುವಾಗ ಮೂಗಿನ ನೆರಳು ಅಳಿಸುವುದನ್ನೇ ಮರೆತ. ಅವರು ಬೈದು ವಾಪಸು ಕೊಟ್ಟರು. ಅವನ ತಲೆಯಲ್ಲಿ ಸುತ್ತುತ್ತಿದ್ದುದು ಒಂದೇ ಸಾಲು. ತಾಯಿ ಜೀವಮಾನದಲ್ಲಿ ಒಂದೇ ಒಂದು ಸಲ ಕ್ಯಾಮೆರಾದ ಮುಂದೆ ನಿಂತಿದ್ದಳು, ಆ ಒಂದು ಸಲವೂ ತನ್ನ ಕೈಯೇ ಅಡ್ಡ ಬಂದಿತ್ತು. ಎರಡು ವರ್ಷದ ಕೈ ಎಷ್ಟಗಲ ಇದ್ದೀತು? ಒಂದು ಮುಖವನ್ನು ಪೂರ್ತಿ ಮುಚ್ಚೀತೇ? ಹಾದಿಯಲ್ಲಿ ಕಂಡ ಕೂಸುಗಳ ಅಂಗೈಯನ್ನೆಲ್ಲ ಅಳೆಯುವವನಂತೆ ನೋಡಿದ.

ರೋಣದಲ್ಲಿ ದ್ಯಾವಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಪ್ಪತ್ಮೂರರ ಮುದುಕ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ. ಕಳಕೇಶ ನಿಂತೇ ವಿಷಯ ಹೇಳಿದ.

"ಕುಂದರ್ರಿ, ಕುಂದರ್ರಿ. ಸೀಟು ಖಾಲಿ ಐತಿ," ಎಂದ ದ್ಯಾವಪ್ಪ ಪಕ್ಕದ ಕಲ್ಲು ತಟ್ಟಿ. "ಸಲಾವುದ್ದೀನ ಸಾಹೇಬರ ಕರಿ ಕಾಗದ? ಅಯ್ಯ, ಹ್ಯಾಂಗ ಮರೀಲಿ! ಶಿರೋಳದ ಹತ್ರ ಡ್ರೈವರ ಗಾಡಿ ನಿಲ್ಲಿಸಿಬಿಟ್ಟ. ಗ್ರಹಣ ಬಿಡೂತನಾ ಸ್ಟೇರಿಂಗ್ ಮುಟ್ಟೂದಿಲ್ಲ ಅಂದ. ಗಾಡಿಯಾಗ ಇದ್ದವರು ಹನ್ನೊಂದು ಮಂದಿ, ಎಲ್ಲಾ ಧೈರ್ಯಸ್ಥರು. ಹನ್ನೊಂದೂ ಮಂದಿಗೆ ಒಂದೊಂದ ಕೊಟ್ಟೆ. ನೋಡಿದ್ರು, 'ಹಾ' ಅಂದ್ರು, ಒಬ್ಬಾಂವ ಅಳಾಕಹತ್ತಿದ. ಬೆಳಕಾತು. ಮತ್ತ ವಾಪಸ್ ತಗೊಂಡೆ."

"ವಾಪಸ್?"

"ಮತ್ತ? ಕೊಟ್ಟದ್ದು ಹೊಳ್ಳಿ ತಗೊಳ್ಳದ ಕಂಡಕ್ಟರ್ ಆಗಾಕ ಬರತೈತೇನ್ರಿ? ಹತ್ತು ಬಂದ್ವು. ಒಂದ ಬರಲಿಲ್ಲ. ಜಕ್ಕಲಿ ಮುದುಕಿ ಒಬ್ಬಾಕಿ ಉಡಿಯಾಗ ಹಾಕ್ಕೊಂಡು ಇಳದ ಹೋದ್ಲು. ಆ ಹತ್ತು ನಾಳೆ ಕೊಡೂಣು, ನಾಡದು ಕೊಡೂಣು ಅನ್ನೂದ್ರಾಗ ನನಗ ಬ್ಯಾರೆ ಡಿಪೋಕ್ಕ ವರ್ಗ ಆತು."

ಒಳಗಿನಿಂದ ತಂದ ತಗಡಿನ ಟಿಕೆಟ್ ಪೆಟ್ಟಿಗೆಯಲ್ಲಿ ನೆಗೆಟಿವ್‌ಗಳು ಇದ್ದವು. ನಲವತ್ತೈದು ಬೇಸಿಗೆ ಕಳೆದು ಹತ್ತೂ ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಿನಂತೆ ಗಟ್ಟಿಯಾಗಿದ್ದವು. ದ್ಯಾವಪ್ಪ ಉಗುರು ಹಾಕಿ ಬಿಡಿಸಹೋದ.

"ಬ್ಯಾಡ್ರಿ!" ಕಳಕೇಶ ಕೂಗಿದ್ದಕ್ಕೆ ಶೇಂಗಾ ಚೆಲ್ಲಿದವು. "ಕೈ ಮುಗೀತೀನಿ, ಮುಟ್ಟಬ್ಯಾಡ್ರಿ."

"ತಗೊಂಡ ಹೋಗ್ರಿ ಹಂಗಾರ. ನನ್ನ ಮ್ಯಾಲಿನ ಭಾರ ಇಳೀತು. ಆದ್ರ ಆ ಮುದುಕಿ ಒಯ್ದದ್ದ ನಿಮ್ಮದಾಗಿದ್ರ ನನ್ನ ಬೈಬ್ಯಾಡ್ರಿ ಮತ್ತ."

ನಗಲು ಕಳಕೇಶನಿಂದಾಗಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಪೆಟ್ಟಿಗೆ ಎದೆಗವಚಿಕೊಂಡು ನರಗುಂದದವರೆಗೆ ನಿಂತೇ ಹೋದ.

ಸೈರಾಬಾನು ಅಗಲವಾದ ಬೋಗುಣಿಯಲ್ಲಿ ತಣ್ಣೀರು ಹಾಕಿದರು. ಕಟ್ಟನ್ನು ಅದರಲ್ಲಿ ಮುಳುಗಿಸಿ ಕಾಯುವುದೊಂದೇ ಹಾದಿ. ಅವಸರ ಮಾಡಿದರೆ ಚಿತ್ರದ ಪದರವೇ ಕಿತ್ತು ಬರುತ್ತದೆ. ಆ ಎರಡೂವರೆ ತಾಸಿನಲ್ಲಿ ಅವನು ಅಂಗಳದಲ್ಲಿ ನಡೆದದ್ದು ಕೂಡಿಸಿದರೆ ನರಗುಂದದ ಗುಡ್ಡ ಹತ್ತಿ ಇಳಿದಷ್ಟಾಗುತ್ತಿತ್ತು. ಒಂದೊಂದೇ ನೆಗೆಟಿವ್ ತಾನಾಗಿ ಬಿಟ್ಟುಕೊಂಡು ತೇಲಿತು. ಆರನೆಯದರ ಅಂಚು ಓರೆಯಾಗಿತ್ತು. ಏಳನೆಯ ಫ್ರೇಮಿನ ಪಕ್ಕಕ್ಕೆ ಇಟ್ಟರೆ ಎರಡರ ಓರೆಯೂ ಒಂದಕ್ಕೊಂದು ಕೂಡಿಕೊಂಡಿತು.

ಒಣಗಿಸಿ ಗಜೇಂದ್ರಗಡಕ್ಕೆ ತಂದು ಸ್ಕ್ಯಾನರಿಗೆ ಹಾಕಿದ. ಪರದೆಯ ಮೇಲೆ ಬಂದದ್ದು ಬರೀ ಬಿಳುಪು. ಬೆಳಕು ಎಷ್ಟು ಏರಿಸಿದರೂ ಆ ಕಪ್ಪು ಫಿಲ್ಮನ್ನು ದಾಟಿ ಏನೂ ಬರಲಿಲ್ಲ.

"ಈಗ ಫೋನಿನ್ಯಾಗಿನ ಆ್ಯಪ್ ಇಲ್ಲದ ಮಾರಿನೂ ತುಂಬಿ ಕೊಡ್ತಾವಲ್ರಿ, ಹಂಗ ಮಾಡ್ರಿ," ಎಂದಳು ರಾಜೇಶ್ವರಿ. ಗಂಡ ಎರಡು ದಿನದಿಂದ ರೊಟ್ಟಿ ಅರ್ಧಕ್ಕೆ ಬಿಡುತ್ತಿದ್ದುದನ್ನು ನೋಡಿ ಅವಳಿಗೂ ಸಾಕಾಗಿತ್ತು. "ನಿಮ್ಮ ಕೈಗೆ ಅದೇನು ದೊಡ್ಡ ಕೆಲಸ?"

ದೊಡ್ಡ ಕೆಲಸವೇನಲ್ಲ. ಅವನು ಅದನ್ನೂ ಮಾಡಿದ. ದೊಡ್ಡವ್ವನ ಹಣೆ, ತನ್ನ ಕಣ್ಣು, ಊಹಿಸಿದ ಮೂಗು, ತುಟಿ. ಒಂದು ತಾಸಿನಲ್ಲಿ ಪರದೆಯ ಮೇಲೆ ಹೆಣ್ಣುಮಗಳೊಬ್ಬಳು ತಯಾರಾದಳು. ಚೆಲುವೆ, ಎಲ್ಲೂ ನೆರಳಿಲ್ಲ. ಮೂರು ನೂರು ಮನೆಗಳ ಗೋಡೆಯ ಮೇಲೆ ಅವನೇ ಹಾಕಿಸಿದ್ದ ಮುಖಗಳಂತೆಯೇ ಇತ್ತು, ಯಾರದೂ ಆಗಿರಲಿಲ್ಲ. ಕಳಕೇಶ ಅದನ್ನು ಅಳಿಸಿ, ಮರುದಿನ ಮೊದಲ ಬಸ್ಸಿಗೆ ನರಗುಂದಕ್ಕೆ ಹೊರಟ.

"ಸ್ಕ್ಯಾನರಿನ ದೀಪ ಎಷ್ಟಿರತೈತ್ರಿ?" ಎಂದು ಸೈರಾಬಾನು ಕೇಳಿದರು. "ಇದು ಸೂರ್ಯನ್ನ ತಡದ ನೆಗೆಟಿವ್. ಇದಕ್ಕ ಸೂರ್ಯನ ಬೇಕು."

ಅವರ ಮನೆಯ ಹಿಂದಿನ ಕತ್ತಲ ಕೋಣೆಗೆ ತೆಂಕಣ ಗೋಡೆಯಲ್ಲಿ ಬೊಗಸೆಯಗಲದ ಒಂದು ಕಿಂಡಿಯಿತ್ತು. ಕರೆಂಟು ಇಲ್ಲದ ಕಾಲದಲ್ಲಿ ಸಲಾವುದ್ದೀನರು ಹೊರಗೆ ಕನ್ನಡಿ ನಿಲ್ಲಿಸಿ, ಬಿಸಿಲನ್ನು ಆ ಕಿಂಡಿಯಿಂದ ಒಳಗೆ ಹೊಡೆಸಿ, ಅದರ ಬೆಳಕಿನಲ್ಲೇ ಪ್ರಿಂಟು ಮಾಡುತ್ತಿದ್ದರು. ಎಷ್ಟೋ ವರ್ಷದ ಹಿಂದೆ ಮಣ್ಣು ಮೆತ್ತಿ ಮುಚ್ಚಿದ್ದ ಕಿಂಡಿಯನ್ನು ಕಳಕೇಶ ಕೆದರಿ ತೆಗೆದ. ಸೈರಾಬಾನು ಕಪಾಟಿನ ಕನ್ನಡಿ ಬಿಚ್ಚಿ ತಂದು ಹೊರಗೆ ಹಿಡಿದು ನಿಂತರು. ಹನ್ನೊಂದರ ಬಿಸಿಲು. ಒಳಗೆ ಕಳಕೇಶ ಕಿಂಡಿಗೆ ನೆಗೆಟಿವ್ ಹಿಡಿಸಿ, ಅದರ ಮುಂದೆ ಹಳೆಯ ಮಸೂರ ಇಟ್ಟು, ಎದುರಿಗೆ ಬಿಳಿಯ ರಟ್ಟು ನಿಲ್ಲಿಸಿದ.

"ಮ್ಯಾಲೆ ಹಿಡೀರಿ, ಟೀಚರ್. ಇನ್ನೂ ಸ್ವಲ್ಪ. ಎಡಕ್ಕ. ನಿಂದರ್ರಿ!"

ರಟ್ಟು ಕಪ್ಪಾಗಿತ್ತು. ಆ ಕಪ್ಪಿನ ನಡುವೆ, ಅಂಗೈಯಷ್ಟು ಜಾಗದಲ್ಲಿ, ಬೆಳಕು ಮೂಡಿತ್ತು. ಅದಕ್ಕೆ ಐದು ಬೆರಳಿದ್ದವು. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು, ಬೆಳಗುವುದು ನೆರಳು. ಕಳಕೇಶ ಕ್ಯಾಮೆರಾ ಹಿಡಿದು ಅದರ ಚಿತ್ರ ತೆಗೆದ. ಹೊರಗೆ ಕನ್ನಡಿ ಅಲುಗಿ ಮೊದಲೆರಡು ಕೆಟ್ಟವು. ಮೂರನೆಯದನ್ನು ಲ್ಯಾಪ್‌ಟಾಪಿಗೆ ಹಾಕಿ, ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿ ನೋಡಿದ.

ಹಣೆ ಇರಲಿಲ್ಲ. ಒಂದು ಕೆನ್ನೆ, ಗದ್ದ, ಕೊರಳು ಏನೂ ಇರಲಿಲ್ಲ. ಬಿಸಿಲು ಅವನ್ನೆಲ್ಲ ಸುಣ್ಣದ ಗೋಡೆ ಮಾಡಿಬಿಟ್ಟಿತ್ತು. ಕೂಸೊಂದು ತಾಯಿಯ ಮುಖಕ್ಕೂ ಸೂರ್ಯನಿಗೂ ನಡುವೆ ಕೈ ಎತ್ತಿತ್ತು. ಆ ಕೈಯ ನೆರಳು ಬಿದ್ದಷ್ಟು ಜಾಗದಲ್ಲಿ ಮಾತ್ರ ಬಿಸಿಲಿಗೆ ಏನೂ ಮಾಡಲಾಗಿರಲಿಲ್ಲ. ಅಲ್ಲಿ ಒಂದು ಕಣ್ಣು ತೆರೆದಿತ್ತು. ಮೂಗಿನ ಒಂದು ಹೊರಳೆ, ಮೂಗುಬಟ್ಟು. ನಗುವ ತುಟಿಯ ಒಂದು ತುದಿ, ಅದರ ಕೆಳಗೆ ಪಕ್ಕದ ಹಲ್ಲಿನ ಮೇಲೆ ಏರಿ ಕುಳಿತ ಒಂದು ಹಲ್ಲು.

ಕಳಕೇಶ ನಾಲಿಗೆಯ ತುದಿಯಿಂದ ತನ್ನ ಬಾಯಲ್ಲಿ ಅದೇ ಹಲ್ಲನ್ನು ಮುಟ್ಟಿ ನೋಡಿಕೊಂಡ.

"ಬಂತೇನ್ರಿ?" ಹೊರಗಿನಿಂದ ಸೈರಾಬಾನು ಕೇಳಿದರು. "ಕೈ ಸೋತವು ನನ್ನವು."

"ಬಂತ್ರಿ," ಎಂದ. ಮತ್ತೊಮ್ಮೆ ಪರದೆಯ ಕಡೆ ನೋಡಿ, "ನೆಳ್ಳು ಬಂತು," ಎಂದ.

ಆ ಚಿತ್ರಕ್ಕೆ ಅವನು ಏನನ್ನೂ ಮಾಡಲಿಲ್ಲ. ತಿಳಿಗೊಳಿಸಲಿಲ್ಲ, ತುಂಬಲಿಲ್ಲ, ಕತ್ತರಿಸಲಿಲ್ಲ. ಸುತ್ತಲಿನ ಬಿಳುಪಿನ ಸಮೇತ ಚೌಕಾಕಾರವಾಗಿಯೇ ಪ್ರಿಂಟು ತೆಗೆದು ಸವಡಿಗೆ ಒಯ್ದ. ಮಾನವ್ವನ ಮುಖ ನೋಡಿದವರಲ್ಲಿ ಈಗ ಬದುಕಿದ್ದವಳು ಸಿದ್ದಲಿಂಗವ್ವ ಒಬ್ಬಳೇ. ಹೌದು ಅನ್ನಬೇಕಾದವಳೂ ಅವಳೇ, ಅಲ್ಲ ಅನ್ನಬಹುದಾದವಳೂ ಅವಳೇ. ಅದಕ್ಕಿಂತ ಹೆಚ್ಚಾಗಿ, ಗೋಡೆಯ ಮೇಲಿನ ಅವಳ ಮುಖವನ್ನು ಇಳಿಸುತ್ತೇನೆಂದು ಸಾಕಿದವಳ ಎದುರು ಹೇಗೆ ಹೇಳುವುದೆಂದು ಅವನು ಬಸ್ಸಿಳಿದು ನಡೆಯುವ ಹಾದಿಯುದ್ದಕ್ಕೂ ಮಾತು ಜೋಡಿಸಿದ. ಒಂದೂ ಕೂಡಲಿಲ್ಲ.

ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಚಿತ್ರ ತೆಗೆದುಕೊಂಡಳು.

"ಇದೇನೋ ಇದು, ಸುಣ್ಣಾ ಬಡದಂಗ?"

"ನಡುವ ನೋಡು, ದೊಡ್ಡವ್ವ."

ಅವಳು ಎದ್ದು ಬಾಗಿಲ ಬೆಳಕಿಗೆ ಹೋದಳು. ಬೆನ್ನು ಅವನ ಕಡೆಗಿತ್ತು. ಒಲೆಯ ಮೇಲಿನ ರೊಟ್ಟಿ ಕರಕಲು ವಾಸನೆ ಬರಹತ್ತಿತು. ಕಳಕೇಶ ಬಗ್ಗಿ ಅದನ್ನು ತಿರುವಿ ಹಾಕಿದ.

"ನಕ್ಕರ ಈ ಹಲ್ಲ ಮೊದಲ ಹೊರಗ ಬರತಿತ್ತು," ಎಂದಳು ಸಿದ್ದಲಿಂಗವ್ವ, ಬೆರಳಿಂದ ತೋರಿಸುತ್ತ. "ಅದಕ್ಕ ಸೆರಗ ಅಡ್ಡ ಹಿಡದ ನಗಾಕಿ, ಹುಚ್ಚಿ. ಇಲ್ಲಿ ಸೆರಗ ಎಲ್ಲಿ ಹಿಡಿಬೇಕು, ಕೂಸ ಐತಿ ಕೈಯಾಗ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ವಗ ಬಿಸಲ ಬಡದೀತಂತ ಕೈ ಹಿಡದೀ ಏನೋ?"

"ಎರಡ ವರ್ಷದ ಕೂಸಿಗೆ ಅದೆಲ್ಲಿ ತಿಳೀತೈತಿ, ದೊಡ್ಡವ್ವ. ಮೂಗಬಟ್ಟು ಜಗ್ಗಾಕ ಹೋಗಿರಬೇಕು."

"ಖರೇ. ಭಾಳ ಜಗ್ಗತಿದ್ದಿ." ಅವಳು ನಕ್ಕಳು. ಮತ್ತೆ ಒಲೆಯ ಮುಂದೆ ಬಂದು ಕುಳಿತು, ಚಿತ್ರವನ್ನು ಹಿಟ್ಟು ತಾಗದಂತೆ ಹಿಂದಿನ ಗೋಡೆಗೆ ಒರಗಿಸಿದಳು. ಒಂದು ರೊಟ್ಟಿ ಬಡಿದಳು. ತಲೆ ಎತ್ತದೆ ಕೇಳಿದಳು: "ಮತ್ತ ನನ್ನ ಯಾವಾಗ ಇಳಸ್ತಿ?"

"ನಾ ಹಂಗ ಅಂದಿಲ್ಲ..."

"ಇಳಸೋ. ನಲವತ್ತೆಂಟ ವರ್ಷ ಸತ್ತಾಕಿ ಆಗಿ ತೂಗಬಿದ್ದೀನಿ, ಕುತ್ತಿಗಿ ನೋಯತೈತಿ. ಹಾರ ಅಕಿಗೆ ಹಾಕು. ನನ್ನ ಫೋಟೋ ಒರಸಿ ಕಪಾಟಿನ್ಯಾಗ ಇಡು, ನಾ ಹೋದ ಮ್ಯಾಲೆ ಅದನ್ನ ಹಚ್ಚು. ನಿನಗ ಕೆಲಸಾ ಉಳೀತು." ಬಡಿಯುವ ಕೈ ನಿಲ್ಲಿಸಿ ಹಿಟ್ಟಿನ ಬೆರಳನ್ನು ಅವನೆದುರು ಆಡಿಸಿದಳು. "ಆದ್ರ ಒಂದ ಹೇಳತೀನಿ. ಹುಬ್ಬಿನ ಮ್ಯಾಲಿನ ಗಾಯಾ ಅಳಸಬ್ಯಾಡ. ನಿನ್ನ ಕೈ ನನಗ ಗೊತ್ತೈತಿ."

"ಅಳಸೂದಿಲ್ಲ."

"ಕುಂಡ್ರು. ಉಣ್ಣು."

ಗಜೇಂದ್ರಗಡದ ಬಸ್ಸು ಊರ ಅಗಸಿ ಬಾಗಿಲ ಹತ್ತಿರ ಎರಡು ಸಲ ಹಾರ್ನು ಹಾಕಿತು. ಅವಳು ಬಾಗಿಲ ಕಡೆ ನೋಡಿ, ಅವನ ಕಡೆ ನೋಡಿದಳು. ಕಳಕೇಶ ಒಲೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ತಾಟನ್ನು ಹತ್ತಿರ ಎಳೆದುಕೊಂಡ. ಬಸ್ಸಿನ ಸದ್ದು ದೂರವಾಗುವವರೆಗೂ ಅವನ ಒಂದು ಮೊಣಕಾಲು ಅಲುಗುತ್ತಲೇ ಇತ್ತು. ಎರಡನೆಯ ರೊಟ್ಟಿಗೆ ಕೈ ಒಡ್ಡಿದ.